ವಾರ್ಡ್ ಮೀಟಿಂಗಿಗೆ ಹೋದರೆ ನಾನೊಬ್ಬನೇ ಹುಡುಗ, ಉಳಿದವರೆಲ್ಲ ಎಲ್ಲಿ?

ಗೋಳಿಬಜೆ_ಪ್ರಿಯ:
ನಾನು ಮಂಗಳೂರಿನವ. ಫೈನಲ್ ಇಯರ್‌ನಲ್ಲಿದ್ದಾಗ ಒಮ್ಮೆ ವಾರ್ಡ್ ಸಮಿತಿ ಸಭೆಗೆ ಹೋಗಿದ್ದೆ. ಮನೆ ಎದುರಿನ ಚರಂಡಿ ಸ್ಲ್ಯಾಬ್ ಮುರಿದು ಅಮ್ಮ ಕಾಲು ಉಳುಕಿಸಿಕೊಂಡಿದ್ದರು, ಅದಕ್ಕೆ. ಹದಿನಾಲ್ಕು ಜನ ಇದ್ದರು, ಹೆಚ್ಚಿನವರು ರಿಟೈರ್ ಆದವರು. ಒಬ್ಬರು ಕನ್ನಡಕ ಕೆಳಗಿಳಿಸಿ "ನೀನು ಯಾವ ಪಾರ್ಟಿ ಮಾರಾಯ?" ಅಂತ ಕೇಳಿದರು. ಸ್ಲ್ಯಾಬಿನ ಪಾರ್ಟಿ ಅಂದೆ. ಯಾರೂ ನಗಲಿಲ್ಲ.
ನಮ್ಮ ಕ್ಲಾಸ್ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ರಾಜಕೀಯವೇ. ಆದರೆ ಸಭೆಗೆ ಬಾ ಅಂದರೆ ಒಬ್ಬನೂ ಇಲ್ಲ. ಎಂತ ಕಾರಣ?

ಕೊಟ್ಟಾರದ_ಟ್ರೋಲರ್:
ಟ್ರೋಲ್ ಮಾಡುವುದೂ ರಾಜಕೀಯವೇ ಅಲ್ವಾ? ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ವರ್ಷಗಟ್ಟಲೆ ಎಳೆದು ಕೊನೆಗೆ 2020ರ ಜನವರಿ 31ಕ್ಕೆ ಓಪನ್ ಆಯಿತು. ಅದನ್ನು ಊರಿಗೆಲ್ಲ ನಗೆಪಾಟಲು ಮಾಡಿದ್ದು ನಾವೇ.

ಹಳೇಕಾಲದವ:
ನಗೆಪಾಟಲು ಮಾಡಿದಿರಿ ಸರಿ, ಕೆಲಸ ಬೇಗ ಆಯಿತಾ? ಸುರತ್ಕಲ್ ಹೆದ್ದಾರಿಯ ಟೋಲ್ ಗೇಟ್ ನೋಡಿ. 2022ರ ಅಕ್ಟೋಬರ್ ಕೊನೆಯಿಂದ ಅದನ್ನು ತೆಗೆಯಿರಿ ಅಂತ ಜನ ಹಗಲು ರಾತ್ರಿ ಧರಣಿ ಕೂತರು, ಡಿಸೆಂಬರ್ 1ಕ್ಕೆ ಸುಂಕ ನಿಂತಿತು. ನಾನೂ ಎರಡು ರಾತ್ರಿ ಕೂತಿದ್ದೆ. ಚಹಾ ತಂದುಕೊಟ್ಟವರು, ಫೋಟೋ ಹಾಕಿ ಜನ ಸೇರಿಸಿದವರು ಹುಡುಗರೇ. ಹಾಗಾಗಿ ಬರುವುದಿಲ್ಲ ಅನ್ನುವುದು ಸುಳ್ಳು. ಧರಣಿಗೆ ಬರುತ್ತಾರೆ, ಮಿನಿಟ್ಸ್ ಓದುವಲ್ಲಿಗೆ ಬರುವುದಿಲ್ಲ ಅಷ್ಟೆ.

ಕುಂದಾಪ್ರ_ಟು_ಬೆಂಗ್ಳೂರು:
ಬರಲಿಕ್ಕೆ ಊರಲ್ಲಿ ಇದ್ದರಲ್ವಾ! 2024ರ ಏಪ್ರಿಲ್ 26, ಲೋಕಸಭೆ ಮತದಾನ ಶುಕ್ರವಾರ ಬಂದದ್ದಕ್ಕೆ ಹೋದೆ. ಗುರುವಾರ ರಾತ್ರಿ ಬಸ್ಸಿಗೆ ಡಬಲ್ ರೇಟು, ಕೊನೆಯ ಸೀಟು, ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳಸಿ ಸಾಕಾಯಿತು. ಗ್ರಾಮಸಭೆ ಇಟ್ಟದ್ದು ಮಂಗಳವಾರ ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೆ ಕೆಲಸಕ್ಕೆ ಹೋಗುವವ ಎಲ್ಲಿಂದ ಬರುವುದು? ಊರಲ್ಲೇ ಇರುವ ನನ್ನ ತಮ್ಮನೂ ಹೋಗಲಿಲ್ಲ, ಅವನಿಗೆ ಅಂಗಡಿ ಉಂಟು.

ಮಲ್ಪೆ_ಹುಡುಗಿ:
ಇದೇ ನಿಜವಾದ ಕಾರಣ ನನಗೆ ಕಾಣುವುದು. ಜೊತೆಗೆ ಇನ್ನೊಂದು. ನಮ್ಮ ಕಡೆ ಬಾಯಿ ಬಿಟ್ಟ ಕೂಡಲೇ ಹಣೆಗೆ ಚೀಟಿ ಅಂಟಿಸುತ್ತಾರೆ, ಇವ ಆ ಪಾರ್ಟಿ, ಅವ ಈ ಪಾರ್ಟಿ ಅಂತ. ನಾನು ಗ್ರಾಮಸಭೆಯಲ್ಲಿ ಬೀದಿದೀಪ ಕೇಳಿದೆ. ಮನೆಗೆ ಬರುವಷ್ಟರಲ್ಲಿ ದೊಡ್ಡಮ್ಮನ ಫೋನು, "ಇದೆಲ್ಲ ನಿನಗೆ ಬೇಕಿತ್ತಾ, ನಾಳೆ ಸಂಬಂಧ ಬರುವಾಗ ಕೇಳ್ತಾರೆ" ಅಂತ. ಪಂಚಾಯತಿಗೆ ನಿಲ್ಲಲು 21 ವರ್ಷ ಆದರೆ ಸಾಕು, ಅರ್ಧದಷ್ಟು ಸೀಟು ಹೆಂಗಸರಿಗೆ. ಕಾನೂನು ಒಪ್ಪಿದೆ, ದೊಡ್ಡಮ್ಮ ಒಪ್ಪಿಲ್ಲ.

ಹಳೇಕಾಲದವ:
ದೀಪ ಬಂತಾ?

ಮಲ್ಪೆ_ಹುಡುಗಿ:
ನಾಲ್ಕು ತಿಂಗಳಿಗೆ ಬಂತು. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದ ಮೇಲೆ. ಅದನ್ನು ಫೋನಲ್ಲೇ ಹಾಕಿದೆ, ರಾತ್ರಿ ಊಟ ಆದ ಮೇಲೆ.

ಗೋಳಿಬಜೆ_ಪ್ರಿಯ:
ಹಾಗಾದರೆ ಸಭೆಯನ್ನೂ ಸಂಜೆ ಏಳಕ್ಕೆ, ಇಲ್ಲ ಭಾನುವಾರ ಇಡಿ ಅಂತ ಒಂದು ಅರ್ಜಿ ಬರೆಯುವುದು ಒಳ್ಳೆಯದು. ನಾನು ಬರೆಯುತ್ತೇನೆ, ಸಹಿ ಹಾಕುವವರು ಹೇಳಿ. ಅಂದಹಾಗೆ ನಮ್ಮ ಸ್ಲ್ಯಾಬ್ ಹಾಕಿದರು. ಈಗ ಪಕ್ಕದ್ದು ಮುರಿದಿದೆ.