ಮಲೆನಾಡಿನ ಸಣ್ಣ ಪೇಟೆಯಲ್ಲಿ ವಯಸ್ಸಾದವರು ಎಷ್ಟಿದ್ದಾರೆಂದು ಲೆಕ್ಕ ಹಿಡಿಯುವುದು ಹೇಗೆ?

ತುಂಗೆದಡ (ಪ್ರಶ್ನೆ):
ಕೊಪ್ಪ, ಶೃಂಗೇರಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಮಧ್ಯಾಹ್ನದ ಊಟ ತಲುಪಿಸುವ ಯೋಚನೆ ಇದೆ. 2011ರ ಜನಗಣತಿಯಲ್ಲಿ ವಾರ್ಡ್‌ವಾರು ಒಟ್ಟು ಜನ, ಮನೆ, ಗಂಡು-ಹೆಣ್ಣು, 0–6 ವಯಸ್ಸಿನ ಮಕ್ಕಳ ಲೆಕ್ಕ ಸಿಕ್ಕಿತು. 60 ದಾಟಿದವರ ಲೆಕ್ಕ ಮಾತ್ರ ಇಲ್ಲ. ರಾಜ್ಯದ ಸರಾಸರಿ ಹಿಡಿದು ಅಂದಾಜು ಮಾಡಬಹುದೇ?

ಗೀಟುಲೆಕ್ಕ:
ಆ ಸರಾಸರಿ ನಿಮ್ಮ ಪೇಟೆಗೆ ಕಡಿಮೆಯಾಗುತ್ತದೆ. 2011ರಲ್ಲಿ ರಾಜ್ಯದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆಯಷ್ಟಿದ್ದರು. ಆದರೆ 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಊರು ಬಿಡುವವರಲ್ಲಿ ಓದು ಮುಗಿಸಿದ ಮಕ್ಕಳೇ ಹೆಚ್ಚು, ಹಿಂದೆ ಉಳಿಯುವವರು ಅವರ ಅಪ್ಪ ಅಮ್ಮ.

ಮತದಾರರ ಪಟ್ಟಿಯಿಂದ ಶುರು ಮಾಡಿ. ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಮತಗಟ್ಟೆವಾರು ಪಿಡಿಎಫ್ ಇಳಿಸಿಕೊಳ್ಳಬಹುದು. ಪುಟಕ್ಕೆ 30 ಚೌಕ, ಪ್ರತಿ ಚೌಕದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ಪುಟಗಳು ಚಿತ್ರದ ರೂಪದಲ್ಲಿರುವುದರಿಂದ ಕಂಪ್ಯೂಟರಿನಲ್ಲಿ ಹುಡುಕಲು ಬರುವುದಿಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು 60–69, 70–79, 80 ಮೇಲೆ ಎಂದು ಮೂರು ಕಾಲಂ ಮಾಡಿ ಗೀಟು ಹಾಕಬೇಕು. 600 ಮತದಾರರೆಂದರೆ 20 ಪುಟ, ಒಂದೇ ಮಧ್ಯಾಹ್ನದ ಕೆಲಸ.

ತಪ್ಪುವ ಕಡೆ ಮೂರು. ತೀರಿಹೋದವರ ಹೆಸರು ವರ್ಷಗಟ್ಟಲೆ ಉಳಿದಿರುತ್ತದೆ, ಏಕೆಂದರೆ ನಮೂನೆ 7 ಕೊಟ್ಟು ತೆಗೆಸುವ ಗೋಜಿಗೆ ಮನೆಯವರು ಹೋಗುವುದಿಲ್ಲ. ಎರಡನೆಯದು, ಜನ್ಮ ದಾಖಲೆ ಇಲ್ಲದವರ ವಯಸ್ಸನ್ನು 60, 65, 70 ಎಂದು ಬರೆಸಿರುತ್ತಾರೆ, ಹಾಗಾಗಿ ಒಂದೊಂದು ವಯಸ್ಸನ್ನು ಬೇರೆಯಾಗಿ ನಂಬದೆ ಹತ್ತು ವರ್ಷದ ಗುಂಪು ಮಾಡಿ. ಮೂರನೆಯದು ನಿಮಗೆ ಹೆಚ್ಚು ತೊಂದರೆ ಕೊಡುವಂಥದ್ದು. ಒಂದೇ ಮನೆ ನಂಬರಿನಡಿ 78, 71, 44, 41, 38 ವಯಸ್ಸಿನ ಐದು ಹೆಸರು ಕಂಡರೆ ತುಂಬಿದ ಮನೆ ಎನಿಸುತ್ತದೆ. ಕೊನೆಯ ಮೂವರು ಬೆಂಗಳೂರಿನಲ್ಲಿದ್ದು ಮತ ಹಾಕಲಷ್ಟೇ ಬರುವವರಾಗಿರಬಹುದು. ಒಂಟಿತನ ಪಟ್ಟಿಯಲ್ಲಿ ಕಾಣುವುದಿಲ್ಲ.

ಬಾಲವಾಡಿ ಓಣಿ:
ಅದನ್ನು ಹೇಳಬಲ್ಲವರು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ. ಸಾಮಾನ್ಯವಾಗಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ. ಅವರ ಕುಟುಂಬ ಸಮೀಕ್ಷೆ ವಹಿಯಲ್ಲಿ ಬಡವರದ್ದಷ್ಟೇ ಅಲ್ಲ, ಆ ವ್ಯಾಪ್ತಿಯ ಎಲ್ಲ ಮನೆಯವರ ವಯಸ್ಸೂ ಇರುತ್ತದೆ. ನೇರವಾಗಿ ಹೋಗಿ ವಹಿ ಕೇಳಬೇಡಿ, ಅವರಿಗೆ ಮುಜುಗರ. ಸಿಡಿಪಿಒ (ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಒಂದು ಅರ್ಜಿ ಬರೆದು, ಹೆಸರು ಬೇಡ, ಸಂಖ್ಯೆ ಸಾಕು ಎಂದು ಸ್ಪಷ್ಟವಾಗಿ ಕೇಳಿ.

ಪಿಂಚಣಿ ಪಟ್ಟಿಯನ್ನು ಮಾತ್ರ ನೆಚ್ಚಬೇಡಿ. ಸಂಧ್ಯಾ ಸುರಕ್ಷಾ 65 ದಾಟಿದ, ಆದಾಯ ಕಡಿಮೆ ಇರುವವರಿಗೆ. ನಾಲ್ಕು ಎಕರೆ ಅಡಿಕೆ ತೋಟವಿದ್ದು ಅಡುಗೆ ಮಾಡಿಕೊಳ್ಳಲು ಕೈಲಾಗದ ಅಜ್ಜಿ ಅದರಲ್ಲಿ ಬರುವುದಿಲ್ಲ. ಊಟ ಅವರಿಗೂ ಬೇಕಲ್ಲ ಮಾರಾಯ್ರೆ.

ಮೀಟರ್‌ಬೋರ್ಡ್:
ಬೀಗ ಹಾಕಿದ ಮನೆಗಳನ್ನು ಮೊದಲೇ ಕಳೆಯಿರಿ. ಮೀಟರ್ ಓದುವವರನ್ನು ಕೇಳಿದರೆ ಬೀದಿವಾರು ಗೊತ್ತಾಗುತ್ತದೆ. ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲು ಗುರುತಲ್ಲ, ಯೂನಿಟ್ ನೋಡಬೇಕು. ಮೂರು ತಿಂಗಳು ಸತತ ಸೊನ್ನೆ ಇದ್ದರೆ ಮನೆ ಖಾಲಿ. ಐದಾರು ಯೂನಿಟ್ ಇದ್ದರೆ ಅಂಗಳದ ಒಂದು ದೀಪ ಉರಿಯುತ್ತಿರಬಹುದು, ಇಲ್ಲವೇ ಒಬ್ಬರೇ ವಯಸ್ಸಾದವರು ಒಂದೇ ಕೋಣೆಯಲ್ಲಿ ಇರಬಹುದು. ಅಂಥ ಮನೆಯನ್ನು ಬಾಗಿಲು ತಟ್ಟಿಯೇ ನೋಡಬೇಕು.

ತುಂಗೆದಡ:
ಯಾವ ತಿಂಗಳಲ್ಲಿ ಎಣಿಸಿದರೆ ಸರಿ?

ಗೀಟುಲೆಕ್ಕ:
ನವರಾತ್ರಿಯಿಂದ ದೀಪಾವಳಿವರೆಗೆ ಎಣಿಸಬೇಡಿ, ಮುಚ್ಚಿದ ಮನೆಗಳೂ ತೆರೆದಿರುತ್ತವೆ. ಫೆಬ್ರವರಿಯಲ್ಲಿ ಕಾಫಿ, ಅಡಿಕೆ ಕೊಯ್ಲಿಗೆ ಬಂದ ಆಳುಗಳು ಇರುತ್ತಾರೆ. 2011ರ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆದದ್ದರಿಂದ, ಅಕ್ಕಪಕ್ಕದ ತೋಟದ ಹಳ್ಳಿಗಳ ಅಂಕಿ ನೋಡುವಾಗಲೂ ಇದು ನೆನಪಿರಲಿ.

ಜುಲೈಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಎಣಿಸಿ. ಜೋರು ಮಳೆಗೆ ಕೆಲವರು ಮಕ್ಕಳ ಮನೆಗೆ ಹೋಗಿರುತ್ತಾರೆ, ಜುಲೈಯಲ್ಲೂ ಇಲ್ಲೇ ಇದ್ದವರಿಗೆ ಊಟದ ಅಗತ್ಯ ಎಲ್ಲರಿಗಿಂತ ಹೆಚ್ಚು. ಪಾತ್ರೆ ಕೊಳ್ಳುವುದು ಡಿಸೆಂಬರಿನ ಸಂಖ್ಯೆಗೆ, ಊಟ ಒಯ್ಯುವ ಹುಡುಗರನ್ನು ಗೊತ್ತು ಮಾಡುವುದು ಜುಲೈಯಲ್ಲಿ ದಾರಿ ಹೇಗಿರುತ್ತದೆಂದು ನೋಡಿಕೊಂಡು. ಮೊದಲು ಒಂದೇ ವಾರ್ಡಿನಲ್ಲಿ ನಡೆಸಿ, ಪಟ್ಟಿಯಲ್ಲಿದ್ದ 70 ದಾಟಿದವರಲ್ಲಿ ಎಷ್ಟು ಮಂದಿ ಮನೆಯಲ್ಲಿ ಸಿಕ್ಕರು ಎಂದು ಬರೆದಿಡಿ. ಉಳಿದ ವಾರ್ಡುಗಳಿಗೆ ಅದೇ ಪ್ರಮಾಣ ಹಿಡಿಯಿರಿ.