ಹೌಸ್‌ವೈಫ್ ಅಂದರೆ ದಂಡವಂತೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 31 ಜನ. ಅರ್ಧ ಡೊಂಬಿವಲಿ, ಅರ್ಧ ಪುಣೆ. ಧಾರವಾಡದಲ್ಲಿ ಉಳಿದವರು ಶ್ಯಾಮಕಾಕಾ ಒಬ್ಬರೇ. ಭಾನುವಾರ ಬೆಳಿಗ್ಗೆ ಆರೂವರೆಗೆ, ಗುಲಾಬಿ ಹೂವಿನ ಶುಭೋದಯದ ಬೆನ್ನಿಗೇ, ಅವರಿಂದ ಒಂದು ಫಾರ್ವರ್ಡ್ ಬಂತು.

"ಸುಪ್ರೀಂ ಕೋರ್ಟ್ ಆದೇಶ!! ಹೆಂಡತಿಯನ್ನು ಹೌಸ್‌ವೈಫ್ ಅಂದರೆ 5,000 ದಂಡ. ಹೆಂಗಸು ಅನ್ನುವ ಹಾಗೂ ಇಲ್ಲ. ಎಲ್ಲರಿಗೂ ಕಳಿಸಿ." ಕೆಳಗೆ ಕಾಕಾನ ಸ್ವಂತ ಒಗ್ಗರಣೆ: "ಇನ್ನ ಅವ್ವಗ ಅವ್ವ ಅನ್ನಲಿಕ್ಕೂ ಅರ್ಜಿ ಹಾಕಬೇಕು."

ಹನ್ನೊಂದು ನಗುವ ಮುಖಗಳು ಬಂದವು. ಒಬ್ಬರೂ ಪೂರ್ತಿ ಓದಿರಲಿಲ್ಲ, ನಾನೂ ಸೇರಿ.

"ಕಾಕಾ, ಇದು ಎಲ್ಲಿಂದ ಬಂತು?" ಪುಣೆಯಲ್ಲಿ ಲಾ ಓದುವ ಅನು ಕೇಳಿದಳು. ಅಣ್ಣನ ಮದುವೆಯಲ್ಲಿ ಭಟ್ಟರನ್ನೂ ಹೀಗೇ ಕೇಳಿದ್ದವಳು. ಉತ್ತರ ಬರಲಿಲ್ಲ. ತಾನೇ ಹುಡುಕಿ ಹಾಕಿದಳು. ಅದು 2023ರ ಆಗಸ್ಟ್ 16ರಂದು ಚಂದ್ರಚೂಡ್ ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಬಿಡುಗಡೆಯಾದ ಕೈಪಿಡಿ. ಜಡ್ಜುಗಳು, ವಕೀಲರು ಬರೆಯುವಾಗ ಯಾವ ಪದ ಬಿಡಬೇಕು, ಯಾವುದು ಬಳಸಬೇಕು ಅಂತ ಹೇಳುತ್ತೆ. ದಂಡ ಗಿಂಡ ಏನೂ ಇಲ್ಲ. ಹೌಸ್‌ವೈಫ್ ಬದಲು ಹೋಮ್‌ಮೇಕರ್. ಈವ್ ಟೀಸಿಂಗ್ ಅಂತ ತಮಾಷೆ ಮಾಡಬೇಡಿ, ಬೀದಿಯ ಲೈಂಗಿಕ ಕಿರುಕುಳ ಅನ್ನಿ. "ಚೇಸ್ಟ್ ವುಮನ್, ಅಂದರೆ ಶೀಲವಂತ ಹೆಂಗಸು, ಅನ್ನೋದಕ್ಕೆ ಬದಲಿ ಏನು ಕೊಟ್ಟಿದ್ದಾರೆ ಗೊತ್ತಾ? ಬರೀ ವುಮನ್! ಹೆಂಗಸು ಅನ್ನಬೇಡಿ ಅಂದಿಲ್ಲ ಕಾಕಾ, ಹೆಂಗಸು ಅಂದು ಅಲ್ಲಿಗೇ ನಿಲ್ಲಿಸಿ ಅಂದಿದ್ದಾರೆ."

ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದರೆ ದೊಡ್ಡಪ್ಪ ಎದ್ದಿದ್ದರು.

"ಪದದಾಗ ಏನದ? ಮನಸ್ಸಿನಾಗ ಗೌರವ ಇರಬೇಕು. ನಮ್ಮ ಮನೆತನದಾಗ ಹೆಣ್ಣುಮಕ್ಕಳನ್ನ ಲಕ್ಷ್ಮಿ ಅಂತೀವಿ."

ಗೀತಾಕಾಕು ಗುಂಪಿನಲ್ಲಿ ಬರೆಯುವುದೇ ಅಪರೂಪ. ಐದು ನಿಮಿಷ 'ಟೈಪಿಂಗ್' ಅಂತ ತೋರಿಸುತ್ತಿತ್ತು. ಬಂದದ್ದು ಇಷ್ಟೇ: "ಭಾವನವರ, ನನ್ನ ಮಗನ ಮುಂಜಿ ಪತ್ರಿಕೆಯೊಳಗ ಲಕ್ಷ್ಮಿ ಹೆಸರೇ ಇರಲಿಲ್ಲ."

ಮುಂಜಿ ಆಗಿ ಇಪ್ಪತ್ತು ವರ್ಷವಾಯಿತು. ಪತ್ರಿಕೆ ಅಚ್ಚು ಹಾಕಿಸಿದ್ದು ದೊಡ್ಡಪ್ಪ. ಖರ್ಚು ಕಾಕುವಿನ ಬ್ಯಾಂಕ್ ಬೋನಸ್ಸಿನದು. ಪ್ರೆಸ್‌ನವನ ತಪ್ಪು ಅಂತ ದೊಡ್ಡಪ್ಪ. ಪ್ರೂಫ್ ನೋಡಿದವರು ಯಾರು ಅಂತ ಸುರೇಶಕಾಕಾ. ಯಾರೋ ಟ್ರಂಕಿನಿಂದ ಆ ಪತ್ರಿಕೆಯನ್ನೇ ತೆಗೆದು ಫೋಟೋ ಹಾಕಿದರು. ಮೂಲೆಗೆ ಅರಿಶಿನ, ನಡುವೆ ಏಳು ಗಂಡಸರ ಹೆಸರು.

ಅನು ಸುಮ್ಮನಿರಲಿಲ್ಲ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಾದ ಮೇಲೆ ಅಮ್ಮನ ಹೆಸರು, ಆಮೇಲೆ ಅಪ್ಪನದು ಅಂತ ನೆನಪಿಸಿದಳು.

"ನನ್ನ ಮಗ ಸ್ವಲ್ಪ ಜಲ್ದಿ ಹುಟ್ಟಿಬಿಟ್ಟ" ಅಂದರು ಕಾಕು.

ಜಗಳ ಬಿಸಿಯಾದಾಗ ತಣ್ಣೀರು ಸುರಿಯುವುದು ರವಿಯ ಕೆಲಸ. "ಅಜ್ಜ ದಾದರ್ ಮಾರ್ಕೆಟ್‌ನಲ್ಲಿ 'ಮೀ ಯೇತೇ' ಅಂದದ್ದು ನೆನಪಿದೆಯಾ?" ಕನ್ನಡದಲ್ಲಿ ಯಾರು ಹೇಳಿದರೂ ಬರ್ತೀನಿ. ಮರಾಠಿಯಲ್ಲಿ ಹೆಂಗಸು 'ಯೇತೇ', ಗಂಡಸು 'ಯೇತೋ' ಅನ್ನಬೇಕು. ಮೀಸೆ ಅಜ್ಜನಿಗೆ ತರಕಾರಿಯವಳು "ಯೇ ಗಂ ಬಾಯಿ" (ಬಾರಮ್ಮ) ಅಂತ ಎರಡು ಮೂಲಂಗಿ ಜಾಸ್ತಿ ಹಾಕಿದ್ದಳಂತೆ. ನಮ್ಮ ಕಡೆ 'ತಂಗಿ ಬಂತು' ಅಂತೀವಿ, ಎಷ್ಟು ಪ್ರೀತಿ ನೋಡ್ರಿ, ಅಂತ ಶ್ಯಾಮಕಾಕಾಗೂ ಹುರುಪು ಬಂತು. "ಹಾಗಾದರೆ ನಾನು ನಪುಂಸಕಲಿಂಗವಾ ಕಾಕಾ?" ಅಂದಳು ಅನು. ಕಾಕಾ ಗುಂಪು ಬಿಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಸೇರಿಸಲಾಯಿತು, ಇದು ನಾಲ್ಕನೇ ಸಲ.

ರಾತ್ರಿ ಒಂಬತ್ತಕ್ಕೆ ದೊಡ್ಡಪ್ಪ ಕಾಕುವಿನ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮದ ಪತ್ರಿಕೆಯ ಕರಡು ಹಾಕಿದರು. "ಈ ಸಲ ಎಲ್ಲರ ಹೆಸರೂ ಅದ. ನೋಡ್ರಿ." ಮೊದಲ ಸಾಲಿನಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ: ಸೌ. ಸೀತಾ.