ಹಂಚಿಕೊಂಡ ಬಾಡಿಗೆ ಮನೆ: ಮಾಲೀಕರು ಹೇಳದೆ ಒಳಗೆ ಬರುತ್ತಿದ್ದರೆ ಅವಧಿಗೆ ಮೊದಲೇ ಬಿಡಬಹುದೇ?

ಪ್ರಶ್ನೆ: ಬಿಟಿಎಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಬಿಟಿಎಂ ಬಡಾವಣೆಯಲ್ಲಿ ಎರಡನೆಯ ಮಹಡಿಯ ಮನೆಯೊಂದನ್ನು ಕೆಲಸಕ್ಕೆ ಹೋಗುವ ನಾವು ಮೂವರು ಹೆಣ್ಣುಮಕ್ಕಳು ಬಾಡಿಗೆಗೆ ಹಿಡಿದಿದ್ದೇವೆ. 11 ತಿಂಗಳ ಕರಾರಿಗೆ ಮೂವರೂ ಸಹಿ ಹಾಕಿದ್ದು, 6 ತಿಂಗಳ ಲಾಕ್-ಇನ್ ಮುಗಿಯುವ ಮೊದಲು ಯಾರೇ ಬಿಟ್ಟರೂ ಅಡ್ವಾನ್ಸ್ ಹಿಂತಿರುಗಿಸುವುದಿಲ್ಲ ಎಂಬ ಷರತ್ತು ಅದರಲ್ಲಿದೆ.

ಕೆಳಗಿನ ಮನೆಯಲ್ಲೇ ಇರುವ ಮಾಲೀಕರು ತಮ್ಮ ಬಳಿಯ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದು, ನಲ್ಲಿ ನೋಡಬೇಕು, ಗೋಡೆಯ ತೇವ ನೋಡಬೇಕು ಎಂದು ಯಾವಾಗ ಬೇಕೆಂದರೆ ಆಗ ಒಳಗೆ ಬರುತ್ತಾರೆ. ಈಚೆಗೆ ನಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದಾಗ ಸದ್ದಾಗಿ ಎದ್ದು ನೋಡಿದರೆ, ಅವರು ನನ್ನ ಕೋಣೆಯೊಳಗೇ ನಿಂತು ಪ್ಲಂಬರ್‌ಗೆ ಬಚ್ಚಲು ತೋರಿಸುತ್ತಿದ್ದರು. ಒಗೆದು ಹರವಿದ್ದ ನನ್ನ ಒಳಉಡುಪುಗಳು ಅವರ ಪಕ್ಕದ ಕುರ್ಚಿಯ ಮೇಲೆಯೇ ಇದ್ದವು. ಕೇಳಿದ್ದಕ್ಕೆ, "ನನ್ನ ಮನೆಗೆ ಬರಲು ನಾನು ಯಾರನ್ನಮ್ಮಾ ಕೇಳಬೇಕು?" ಎಂದರು. ಇನ್ನು ಅಲ್ಲಿರಲು ನನ್ನಿಂದ ಸಾಧ್ಯವಿಲ್ಲ. ಆದರೆ ಗೆಳತಿಯರಿಬ್ಬರೂ ಅಲ್ಲಿಯೇ ಉಳಿಯುವವರಿದ್ದಾರೆ. ನಾನೊಬ್ಬಳು ಹೊರಟರೆ ಅವರ ಹಣಕ್ಕೂ ಕುತ್ತು ಬರುವುದೇ?

ಉತ್ತರ: ಸಿವಿಲ್ ವಕೀಲ

ಮನೆ ಮಾಲೀಕರದ್ದೇ, ಆದರೆ ಕರಾರು ಜಾರಿಯಲ್ಲಿರುವಷ್ಟು ಕಾಲ ಸ್ವಾಧೀನ ನಿಮ್ಮ ಮೂವರದ್ದು. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಬಾಡಿಗೆ ಕೊಡುತ್ತಾ ಷರತ್ತುಗಳನ್ನು ಪಾಲಿಸುವ ಬಾಡಿಗೆದಾರರು ಅವಧಿ ಮುಗಿಯುವವರೆಗೆ ಅಡಚಣೆಯಿಲ್ಲದೆ ವಾಸಿಸಬಹುದೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಂ ಹೇಳುತ್ತದೆ. ಮನೆಯ ಸ್ಥಿತಿ ಪರಿಶೀಲಿಸಲು ಸೂಕ್ತ ವೇಳೆಯಲ್ಲಿ ಮಾಲೀಕರಿಗೆ ಅವಕಾಶ ಕೊಡಬೇಕೆಂದೂ ಅದೇ ಕಲಂ ಹೇಳುತ್ತದೆ ಎಂಬುದನ್ನು ಮರೆಯಬಾರದು. ಆದರೆ ಆ ಅವಕಾಶವನ್ನು ನೀವು ಕೊಡಬೇಕೇ ಹೊರತು, ನೀವು ಮಲಗಿರುವಾಗ ಬೀಗ ತೆರೆದು ಕೋಣೆಯೊಳಗೆ ಬರುವುದನ್ನು ಪರಿಶೀಲನೆಯ ಹಕ್ಕೆಂದು ನಾನು ಒಪ್ಪುವುದಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮ್ಮ ನೆರವಿಗೆ ಬರುವುದು ಅನುಮಾನ; ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಮಾಲೀಕರು ಬರುವ 24 ಗಂಟೆ ಮೊದಲು ತಿಳಿಸಬೇಕೆನ್ನುವ 2021ರ ಮಾದರಿ ಬಾಡಿಗೆ ಕಾಯ್ದೆ ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೇ. ಆದ್ದರಿಂದ ನಿಮಗೆ ಕರಾರೂ ಸಾಮಾನ್ಯ ಕಾನೂನೂ ಮುಖ್ಯ.

ಇನ್ನು ಅಡ್ವಾನ್ಸ್ ವಿಚಾರ. ಲಾಕ್-ಇನ್ ಷರತ್ತಿಗೆ ಬೆಲೆಯೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಕರಾರು ಮುರಿದಾಗ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಕರಾರಿನಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಎಂಬುದು 1872ರ ಕರಾರು ಕಾಯ್ದೆಯ 74ನೆಯ ಕಲಮಿನ ತಿರುಳು. ನಷ್ಟವೇ ಆಗದಿದ್ದಲ್ಲಿ ಮುಂಗಡ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದೆಂದು ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪಿತ್ತಿದೆ. ಅದು ಬಾಡಿಗೆ ಮನೆಯ ಪ್ರಕರಣವಲ್ಲ, ಆದರೂ ಅದರ ತತ್ತ್ವ ನಿಮಗೆ ಆಧಾರವಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವ ರೂಢಿ ಕಂಡ ಈ ಊರಿನಲ್ಲಿ ಅಷ್ಟನ್ನೂ ನುಂಗಿಹಾಕುವ ಷರತ್ತು ಅನ್ಯಾಯದ್ದು.

ಉತ್ತರ: ಮನೆ ಹಂಚಿಕೊಂಡವರು, ಮಾರತಹಳ್ಳಿ

ವಕೀಲರು ಗೆಳತಿಯರ ವಿಚಾರವನ್ನು ಮುಟ್ಟಲಿಲ್ಲ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಒಂದೇ ಕರಾರಿಗೆ ಮೂವರು ಸಹಿ ಹಾಕಿದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಪೂರ್ತಿ ಬಾಡಿಗೆಯನ್ನು ಯಾರೊಬ್ಬರಿಂದಲಾದರೂ ವಸೂಲು ಮಾಡಲು ಕರಾರು ಕಾಯ್ದೆಯ 43ನೆಯ ಕಲಂ ಅವಕಾಶ ಕೊಡುತ್ತದೆ. ಕೊಟ್ಟವರು ಮಿಕ್ಕವರಿಂದ ಅವರವರ ಪಾಲು ಕೇಳಬಹುದು ಎನ್ನುವುದು ನಿಜ, ಆದರೆ ಸ್ನೇಹಿತರ ನಡುವೆ ಹಾಗೆ ಕೇಳುವ ಸಂದರ್ಭ ಬರಬಾರದು. ಆದ್ದರಿಂದ ಗೆಳತಿಯರೊಂದಿಗೆ ಮೊದಲು ಕುಳಿತು ಮಾತನಾಡಿ, ಅವರಿಗೂ ಒಪ್ಪಿಗೆಯಾಗುವ ಇನ್ನೊಬ್ಬರನ್ನು ಹುಡುಕಿಕೊಡಿ, ಬಂದವರ ಹೆಸರು ಸೇರಿಸಿ ನಿಮ್ಮ ಹೆಸರು ತೆಗೆದ ಹೊಸ ಕರಾರಿಗೆ ಮಾಲೀಕರ ಸಹಿ ಪಡೆಯಿರಿ. ಹೊಸಬರು ನಿಮ್ಮ ಪಾಲಿನ ಅಡ್ವಾನ್ಸನ್ನು ನೇರವಾಗಿ ನಿಮಗೆ ಕೊಡುವುದಾದರೆ, ಆ ಹಣ ಇನ್ನು ಮುಂದೆ ಹೊಸಬರದ್ದೆಂದು ಮಾಲೀಕರು ಬರೆದುಕೊಡಬೇಕು. ಇಲ್ಲದಿದ್ದರೆ ಮನೆ ಬಿಡುವ ದಿನ ಆ ಹುಡುಗಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಬರುವವರಿಗೆ ಮಾಲೀಕರ ಈ ಅಭ್ಯಾಸವನ್ನು ಮುಚ್ಚಿಡದೆ ಹೇಳಿ.

ಉತ್ತರ: ಜಯನಗರದ ಮನೆಯೊಡತಿ

ತಂಗಿ, ನಾನೂ ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಒಂದು ಕೀಲಿ ನನ್ನ ಬಳಿಯೂ ಇದೆ. ನೀರು ಸೋರಿ ಕೆಳಗಿನ ಮನೆಯ ತಾರಸಿ ನೆನೆಯುವಾಗ, ಅದೂ ಅವರಿಗೆ ಫೋನ್ ಮಾಡಿದ ಮೇಲೆ, ಬಳಸಬೇಕಾದ ಕೀಲಿ ಅದು. ನಡೆದದ್ದನ್ನು ದಿನಾಂಕ ಹಾಕಿ ಇವತ್ತೇ ವಾಟ್ಸಾಪ್‌ನಲ್ಲಿ ಅವರಿಗೆ ಬರೆದು ಕಳುಹಿಸಿ. ಹಿಂದಿನ ದಿನವೇ ತಿಳಿಸಿ, ನಿಮ್ಮಲ್ಲೊಬ್ಬರು ಮನೆಯಲ್ಲಿದ್ದಾಗ ಮಾತ್ರ ಬರಬೇಕೆಂದು ವಿನಯದಿಂದಲೇ ಕೇಳಿ. ಬಾಯಿಮಾತಿನ ಜಗಳ ನಾಳೆ ಸಾಕ್ಷಿಗೆ ಬರುವುದಿಲ್ಲ. ಅವರು ಹಣ ಕೊಡದೆ ಸತಾಯಿಸಿದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ; ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು.

ಬಿಟಿಎಂ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಗೆಳತಿಯರೊಂದಿಗೆ ಮಾತನಾಡಿದೆ, ಹೊಸಬರು ಸಿಗುವವರೆಗೆ ನನ್ನ ಪಾಲಿನ ಬಾಡಿಗೆ ಕೊಡುವುದಾಗಿ ಒಪ್ಪಿದ್ದೇನೆ. ಅಲ್ಲಿಯವರೆಗೆ ಮುಂಬಾಗಿಲಿನ ಬೀಗ ಬದಲಿಸಬಹುದೇ, ಅಕ್ಕ?

ಜಯನಗರದ ಮನೆಯೊಡತಿ

ಕರಾರಿನಲ್ಲಿ ಬೇಡವೆಂದು ಬರೆದಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೂ ಮುಂಬಾಗಿಲಿನ ಬೀಗವನ್ನು ಮಾಲೀಕರಿಗೆ ತಿಳಿಸದೆ ಬದಲಿಸಬೇಡಿ. ನಿಮ್ಮ ಕೋಣೆಗೆ ಒಳಗಿನಿಂದ ಗಟ್ಟಿಯಾದ ಚಿಲಕವೊಂದನ್ನು ಈ ವಾರವೇ ಹಾಕಿಸಿಕೊಳ್ಳಿ.